ಹಾಸ್ಯಗಾರ ಮತ್ತು ಹಿಮ್ಮೇಳ: ಬರೆದ ನಗೆ, ಬರೆಯದ ನಗೆ

ಹಾಸ್ಯವನ್ನು ಕುರಿತ ಕನ್ನಡದ ವಿವೇಚನೆ ಬಹುಮಟ್ಟಿಗೆ ಮಾತನ್ನೇ ಆಧರಿಸಿ ನಡೆದಿದೆ. ಶ್ಲೇಷೆ, ವ್ಯಂಗ್ಯ, ಅಪಶಬ್ದ, ಗಾದೆ, ಒಗಟುಗಳು ನಗೆಯನ್ನು ಹೇಗೆ ಹುಟ್ಟಿಸುತ್ತವೆ ಎಂಬುದು ವಿದ್ವಾಂಸರಿಗೆ ಪ್ರಿಯವಾದ ವಿಷಯ. ಆದರೆ ಬಯಲಾಟದ ರಂಗದಲ್ಲಾಗಲಿ ಕಂಪನಿ ನಾಟಕದ ವೇದಿಕೆಯಲ್ಲಾಗಲಿ ನಗೆಗಾರನು ಒಬ್ಬಂಟಿಯಾಗಿ ನಿಲ್ಲುವುದಿಲ್ಲ. ಅವನ ಹಿಂದೆ ಅಥವಾ ಪಕ್ಕದಲ್ಲಿ ವಾದ್ಯಗಾರರ ಗುಂಪೊಂದು ಕುಳಿತಿರುತ್ತದೆ. ಅವನ ಹೆಜ್ಜೆಗೆ ಪೆಟ್ಟು ಕೊಡುವುದು, ಅವನ ಅಪಸ್ವರವನ್ನು ಎತ್ತಿ ತೋರಿಸುವುದು, ಅವನು ದಾರಿ ತಪ್ಪಿದಾಗ ಮರಳಿ ತಾಳಕ್ಕೆ ತರುವುದು ಆ ಗುಂಪಿನ ಕೆಲಸ. ಹಾಸ್ಯಗಾರನಿಗೂ ಈ ವಾದ್ಯವೃಂದಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭರತನು ನಾಟ್ಯಶಾಸ್ತ್ರದಲ್ಲಿ ಶೃಂಗಾರದ ಅನುಕರಣೆಯನ್ನೇ ಹಾಸ್ಯವೆಂದು ಕರೆದಿದ್ದಾನೆ. ಈ ಮಾತನ್ನು ಇನ್ನಷ್ಟು ವಿಸ್ತರಿಸಿದರೆ, ಗಂಭೀರವಾದ ಯಾವುದನ್ನೇ ಆಗಲಿ ಓರೆಯಾಗಿ ಅನುಕರಿಸಿದಾಗ ನಗೆ ಹುಟ್ಟುತ್ತದೆ ಎಂದಂತಾಗುತ್ತದೆ. ಹಾಗಿದ್ದಲ್ಲಿ ಹಾಸ್ಯಕ್ಕೆ ಮೊದಲು ಬೇಕಾದುದು ಗಂಭೀರವಾದ ಒಂದು ವ್ಯವಸ್ಥೆ. ತಾಳ, ಶ್ರುತಿ, ಲಯಗಳಿಗೆ ಬದ್ಧವಾದ ವಾದ್ಯವೃಂದಕ್ಕಿಂತ ಗಂಭೀರವಾದ ವ್ಯವಸ್ಥೆ ರಂಗಭೂಮಿಯಲ್ಲಿ ಬೇರೊಂದಿಲ್ಲ. ಪೂರ್ವರಂಗದ ಅಂಗಗಳಲ್ಲಿ ಒಂದಾದ ತ್ರಿಗತದಲ್ಲಿ ಸೂತ್ರಧಾರ, ಪಾರಿಪಾರ್ಶ್ವಕರೊಡನೆ ವಿದೂಷಕನೂ ಸೇರಿ ವಿನೋದದ ಸಂಭಾಷಣೆ ನಡೆಸುವ ವಿಧಾನವನ್ನು ಭರತನೇ ಹೇಳಿರುವುದು ಇಲ್ಲಿ ಗಮನಾರ್ಹ. ಕಥೆ ಆರಂಭವಾಗುವ ಮೊದಲೇ, ಸಂಗೀತದ ಸಿದ್ಧತೆಯ ನಡುವೆಯೇ, ನಗೆಗೆ ಒಂದು ಸ್ಥಾನವನ್ನು ಮೀಸಲಿಡಲಾಗಿದೆ.

ಈ ವಿವೇಚನೆಗೆ ಕಾಳಿ ನದಿಯ ಮೇಲ್ದಂಡೆಯ ಪ್ರದೇಶ ತಕ್ಕ ನೆಲೆಯಾಗಿದೆ. ದಾಂಡೇಲಿಯ ಸಮೀಪದ ಕೋಗಿಲಬನವನ್ನು ಕೇಂದ್ರವಾಗಿಟ್ಟುಕೊಂಡು ನೋಡಿದರೆ, ಘಟ್ಟದ ಕೆಳಗೆ ಹೊನ್ನಾವರ, ಕುಮಟಾ ಸೀಮೆಯ ಬಡಗುತಿಟ್ಟಿನ ಯಕ್ಷಗಾನವಿದೆ. ಉತ್ತರಕ್ಕೆ ಬೆಳಗಾವಿ, ಬಾಗಲಕೋಟೆ ಸೀಮೆಯ ಶ್ರೀಕೃಷ್ಣ ಪಾರಿಜಾತ ಮತ್ತು ಸಣ್ಣಾಟಗಳಿವೆ. ಪೂರ್ವಕ್ಕೆ ಹುಬ್ಬಳ್ಳಿ, ಧಾರವಾಡಗಳ ಕಂಪನಿ ನಾಟಕದ ಪರಂಪರೆಯಿದೆ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದವರಲ್ಲಿ ಡಮಾಮಿ ವಾದ್ಯದ ಹಾಡು ಕುಣಿತಗಳಿವೆ. ಹೀಗೆ ಹಲವು ಬಗೆಯ ಹಿಮ್ಮೇಳಗಳು ಸುತ್ತುವರಿದ ಪ್ರದೇಶವಿದು. ಇಲ್ಲಿಯ ಹಾಸ್ಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಲು, ತೀರ ಭಿನ್ನವಾದ ಇನ್ನೊಂದು ಪರಂಪರೆಯನ್ನು, ಎಂದರೆ ಪಾಶ್ಚಾತ್ಯ ಸಿಂಫನಿ ಆರ್ಕೆಸ್ಟ್ರಾದೊಡನೆ ಹಾಸ್ಯ ಸಂಗೀತಗಾರರು ನಡೆಸಿದ ಪ್ರಯೋಗಗಳನ್ನು, ಮೊದಲು ನೋಡುವುದು ಉಪಯುಕ್ತ.

1. ಸಿಂಫನಿ ವೃಂದದ ನಡುವೆ ನಗೆಗಾರ

ಸಿಂಫನಿ ಆರ್ಕೆಸ್ಟ್ರಾ ಎಂಬುದು ಸುಮಾರು 80ರಿಂದ 100 ವಾದಕರು ಒಬ್ಬ ನಿರ್ದೇಶಕನ ಕೈಸನ್ನೆಗೆ ಒಳಪಟ್ಟು ನುಡಿಸುವ ವೃಂದ. ಪ್ರತಿಯೊಬ್ಬರ ಮುಂದೆಯೂ ಸ್ವರಲಿಪಿಯ ಹಾಳೆಯಿರುತ್ತದೆ. ಯಾರು ಯಾವ ಕ್ಷಣದಲ್ಲಿ, ಎಷ್ಟು ಮೆಲುವಾಗಿ ಅಥವಾ ಜೋರಾಗಿ ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟ ವಿಷಯ. ಸಭಿಕರಿಗೂ ಕಟ್ಟುಪಾಡುಗಳಿವೆ. ಇಷ್ಟು ಬಿಗಿಯಾದ ಶಿಸ್ತಿನಲ್ಲಿ ಒಂದು ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಈ ಗುಟ್ಟನ್ನು ಹೇಡನ್ ಚೆನ್ನಾಗಿ ಬಲ್ಲವನಾಗಿದ್ದನು. 1792ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರಯೋಗಗೊಂಡ ಅವನ 94ನೆಯ ಸಿಂಫನಿಯಲ್ಲಿ ಮೆಲುದನಿಯ ರಾಗವೊಂದು ಸಾಗುತ್ತಿರುವಾಗಲೇ ಇಡೀ ವೃಂದ ಒಮ್ಮೆಲೇ ಗುಡುಗುತ್ತದೆ. 1772ರ 45ನೆಯ ಸಿಂಫನಿಯ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಊರಿಗೆ ಹೋಗಲು ಬಿಡದ ಒಡೆಯನಿಗೆ ವಾದಕರ ಅಳಲನ್ನು ತಿಳಿಸಿದ ಬಗೆಯದು. ಮೊಜಾರ್ಟ್ 1787ರಲ್ಲಿ ರಚಿಸಿದ 'ಸಂಗೀತದ ತಮಾಷೆ' ಎಂಬ ಕೃತಿ ಅರೆಬೆಂದ ವಾಗ್ಗೇಯಕಾರರನ್ನು ಅಣಕಿಸುತ್ತ ಸಾಗಿ, ಕೊನೆಗೆ ಬೇರೆಬೇರೆ ಶ್ರುತಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವಲ್ಲಿ ಮುಗಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ನಗೆಗಾರನು ಸ್ವತಃ ವೃಂದದ ಮುಂದೆ ಬಂದು ನಿಂತನು. ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ವಿಕ್ಟರ್ ಬೋರ್ಗೆ ನುರಿತ ಪಿಯಾನೋ ವಾದಕನಾಗಿದ್ದು, ನುಡಿಸಲು ಕುಳಿತವನು ನುಡಿಸದೆ ಹೋಗುವುದನ್ನೇ ಒಂದು ಕಲೆಯಾಗಿ ಬೆಳೆಸಿದನು. ಅಮೆರಿಕದ ನಟ ಡ್ಯಾನಿ ಕೇ ಸ್ವರಲಿಪಿ ಓದಲು ಬಾರದವನಾಗಿದ್ದರೂ ದೊಡ್ಡ ವೃಂದಗಳನ್ನು ನಿರ್ದೇಶಿಸಿ ವಾದಕರ ಪಿಂಚಣಿ ನಿಧಿಗೆ ಹಣ ಕೂಡಿಸಿದನು. ರಿಮ್ಸ್ಕಿ-ಕೊರ್ಸಕೋವನ ದುಂಬಿಯ ಹಾರಾಟದ ಕೃತಿಗೆ ಅವನು ನೊಣ ಹೊಡೆಯುವ ಕೋಲನ್ನು ಹಿಡಿದು ನಿರ್ದೇಶನ ಮಾಡುತ್ತಿದ್ದನು. ಪೀಟರ್ ಶಿಕೆಲೆ 1965ರಿಂದ ಬಾಖನಿಗೆ ಇಲ್ಲದ ಮಗನೊಬ್ಬನನ್ನು ಕಲ್ಪಿಸಿ, ಅವನ ಹೆಸರಿನಲ್ಲಿ ಹಾಸ್ಯ ಕೃತಿಗಳನ್ನು ಸಭೆಯ ಮುಂದಿಟ್ಟನು. ಜನಪ್ರಿಯ ಹಾಡುಗಳಿಗೆ ಅಣಕು ರಚನೆ ಮಾಡುವ 'ವಿಯರ್ಡ್ ಆಲ್' ಯಾಂಕೊವಿಕ್ 2019ರಲ್ಲಿ ಸಿಂಫನಿ ವೃಂದದೊಡನೆ ಊರೂರು ಸುತ್ತಿದ್ದು ಇದೇ ಧಾರೆಯ ಮುಂದುವರಿಕೆ.

ಇವೆಲ್ಲಕ್ಕಿಂತ ಹೆಚ್ಚು ವಿವೇಚನೆಗೆ ಅರ್ಹವಾದುದು ವ್ಯಂಗ್ಯಚಿತ್ರಕಾರ ಹಾಗೂ ಟ್ಯೂಬಾ ವಾದಕ ಜೆರಾರ್ಡ್ ಹೊಫ್ನುಂಗ್ 1956ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಏರ್ಪಡಿಸಿದ ಸಂಗೀತೋತ್ಸವ. ಅದಕ್ಕಾಗಿ ಮಾಲ್ಕಮ್ ಆರ್ನಾಲ್ಡ್ ರಚಿಸಿದ ಕೃತಿಯಲ್ಲಿ ಪೂರ್ಣ ವೃಂದದೊಡನೆ ಮೂರು ಧೂಳು ಹೀರುವ ಯಂತ್ರಗಳು, ನೆಲ ಉಜ್ಜುವ ಒಂದು ಯಂತ್ರ ಮತ್ತು ನಾಲ್ಕು ಬಂದೂಕುಗಳಿಗೆ ಪಾತ್ರವಿದೆ. ಅದೇ ಉತ್ಸವದಲ್ಲಿ ಪ್ರಸಿದ್ಧ ಹಾರ್ನ್ ವಾದಕ ಡೆನ್ನಿಸ್ ಬ್ರೈನ್ ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ಮೇಲೆ ಲಿಯೊಪೋಲ್ಡ್ ಮೊಜಾರ್ಟನ ರಚನೆಯನ್ನು ನುಡಿಸಿದನು. ಬ್ರೈನ್ ಫಿಲ್ಹಾರ್ಮೋನಿಯಾ ವೃಂದದ ಮುಖ್ಯ ಹಾರ್ನ್ ವಾದಕ. ಆ ವೃಂದದ ಕಛೇರಿಗಳಿಗೆ ಆಸರೆಯಾಗಿದ್ದ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. ಮೈಸೂರು ಅರಮನೆಯ ಆಶ್ರಯಕ್ಕೆ ಪಾತ್ರವಾದ ವೃಂದದ ಕಲಾವಿದನೇ ನೀರಿನ ಕೊಳವೆಯಲ್ಲಿ ಶುದ್ಧ ಸ್ವರವನ್ನು ಹೊರಡಿಸಿದ ಸಂಗತಿ ಕನ್ನಡಿಗರಿಗೆ ಕುತೂಹಲಕರವಾದುದು.

ಈ ನಿದರ್ಶನಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇಲ್ಲಿ ವೃಂದವು ನಗಬಾರದು. ಬ್ರೈನ್ ಕೊಳವೆಯನ್ನು ತಪ್ಪುತಪ್ಪಾಗಿ ನುಡಿಸಿದ್ದರೆ ಅದು ಕೇವಲ ಗದ್ದಲವಾಗುತ್ತಿತ್ತು. ಸರಿಯಾಗಿ ನುಡಿಸಿದ್ದರಿಂದಲೇ ಅದು ಹಾಸ್ಯವಾಯಿತು. ಎರಡನೆಯದಾಗಿ, ಈ ನಗೆ ಬಹುಪಾಲು ಲಿಖಿತವಾದುದು. ಬಂದೂಕು ಯಾವ ಮಾತ್ರೆಗೆ ಸಿಡಿಯಬೇಕು ಎಂಬುದು ಸಹ ಸ್ವರಲಿಪಿಯಲ್ಲಿದೆ. ಹೊಫ್ನುಂಗ್ 1959ರಲ್ಲಿಯೇ ತೀರಿಕೊಂಡರೂ ಆರ್ನಾಲ್ಡನ ಕೃತಿ ಉಳಿಯಿತು. 2009ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದ ಕೊನೆಯ ರಾತ್ರಿ ಅದನ್ನು ಮತ್ತೆ ನುಡಿಸಿದಾಗ, ನೆಲ ಉಜ್ಜುವ ಯಂತ್ರವನ್ನು ಹಿಡಿದವರು ವನ್ಯಜೀವಿ ಚಿತ್ರಗಳ ಡೇವಿಡ್ ಅಟೆನ್‌ಬರೊ. ನಗೆಗಾರ ಅಳಿದ ಮೇಲೂ ನಗೆ ಉಳಿಯಿತು ಎಂಬುದು ಮುಂದಿನ ಚರ್ಚೆಗೆ ಮುಖ್ಯವಾದ ಅಂಶ.

2. ಉತ್ತರ ಕೊಡುವ ಹಿಮ್ಮೇಳ

ಯಕ್ಷಗಾನದ ಹಿಮ್ಮೇಳ ಗಾತ್ರದಲ್ಲಿ ತೀರ ಚಿಕ್ಕದು. ಭಾಗವತ, ಮದ್ದಲೆ, ಚಂಡೆ, ಶ್ರುತಿ ಇಷ್ಟರಲ್ಲಿ ಅದು ಮುಗಿಯುತ್ತದೆ. ಬಡಗಿನಲ್ಲಿ ಭಾಗವತನ ಕೈಯಲ್ಲಿ ತಾಳ, ತೆಂಕಿನಲ್ಲಿ ಜಾಗಟೆ. ಆದರೆ ಭಾಗವತನಿಗೆ ಸಿಂಫನಿಯ ನಿರ್ದೇಶಕನಿಗಿಲ್ಲದ ಒಂದು ಅಧಿಕಾರವಿದೆ. ಅವನು ಪಾತ್ರಗಳೊಡನೆ ಮಾತನಾಡಬಲ್ಲನು. ಭಾಗವತನೇ ಮೊದಲನೆಯ ವೇಷಧಾರಿ ಎಂಬ ಮಾತು ಯಕ್ಷಗಾನ ವಲಯದಲ್ಲಿ ರೂಢಿಯಲ್ಲಿರುವುದು ಈ ಕಾರಣಕ್ಕಾಗಿಯೇ. ರಾಜವೇಷಗಳಿಗೆ ಒಡ್ಡೋಲಗದ ವೈಭವವಿದೆ. ಹಾಸ್ಯಗಾರನಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬದಲಾಗಿ ಅವನಿಗೆ ದೊರೆತಿರುವುದು ಭಾಗವತನೊಡನೆ ಸಲುಗೆ.

ಈ ಸಲುಗೆಯಿಂದ ಹುಟ್ಟುವ ಹಾಸ್ಯದ ರಚನೆಯನ್ನು ಗಮನಿಸಬೇಕು. ಹಾಸ್ಯಗಾರನು ತನ್ನ ಪರಿಚಯವನ್ನು ಹೇಳಿಕೊಳ್ಳುವಾಗ ಭಾಗವತನು ಅರಿಯದವನಂತೆ ಪ್ರಶ್ನಿಸುತ್ತಾನೆ. ಪದ್ಯದ ಒಂದು ಶಬ್ದವನ್ನು ಹಾಸ್ಯಗಾರನು ಬೇರೆ ಅರ್ಥದಲ್ಲಿ ಹಿಡಿದುಕೊಳ್ಳುತ್ತಾನೆ. ಭಾಗವತನು ಅದನ್ನು ತಿದ್ದಲು ಹೋಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತಾನೆ. ಮುಕ್ತಾಯ ಬಿದ್ದ ಮೇಲೂ ಹಾಸ್ಯಗಾರನ ಕಾಲು ನಿಲ್ಲುವುದಿಲ್ಲ. ಮದ್ದಲೆಗಾರನು ಇನ್ನೊಂದು ಪೆಟ್ಟು ಹಾಕಿ ಅವನನ್ನು ನಿಲ್ಲಿಸುತ್ತಾನೆ. ಇಲ್ಲಿ ತಾಳ ತಪ್ಪಿದಂತೆ ತೋರಿಸಬೇಕು, ಆದರೆ ತಪ್ಪಬಾರದು. ತಾಳದ ಮೇಲೆ ಪೂರ್ಣ ಹಿಡಿತವುಳ್ಳವನು ಮಾತ್ರ ಹೀಗೆ ಮಾಡಬಲ್ಲನು. ಕೊಳವೆಯಲ್ಲಿ ಶುದ್ಧ ಸ್ವರ ಹೊರಡಿಸಿದ ಬ್ರೈನನಿಗೂ ತಪ್ಪು ಹೆಜ್ಜೆಯನ್ನು ಸರಿಯಾದ ಮಾತ್ರೆಯಲ್ಲಿ ಇಡುವ ಹಾಸ್ಯಗಾರನಿಗೂ ಈ ನೆಲೆಯಲ್ಲಿ ಸಾಮ್ಯವಿದೆ. ಇಬ್ಬರ ವಿದ್ಯೆಯೂ ನಿಯಮದ ಪರಿಪೂರ್ಣ ಜ್ಞಾನದಿಂದ ಬಂದುದು.

ವ್ಯತ್ಯಾಸವಿರುವುದು ಉತ್ತರದ ಸ್ವರೂಪದಲ್ಲಿ. ಸಿಂಫನಿ ವೃಂದ ಬರೆದುದನ್ನು ನುಡಿಸುತ್ತದೆ. ಹಿಮ್ಮೇಳವು ಕೇಳಿದುದಕ್ಕೆ ಉತ್ತರಿಸುತ್ತದೆ. ಇಂದಿನ ಆಟದಲ್ಲಿ ಹುಟ್ಟಿದ ಚಟಾಕಿ ನಾಳಿನ ಆಟಕ್ಕೆ ಹೊಂದಬೇಕೆಂದಿಲ್ಲ. ಆಡಿಸಿದ ಊರು, ಸೇರಿದ ಜನ, ರಾತ್ರಿಯ ಜಾವ ಇವನ್ನು ನೋಡಿ ಹಾಸ್ಯಗಾರನೂ ಭಾಗವತನೂ ಒಟ್ಟಿಗೆ ನಗೆಯನ್ನು ಕಟ್ಟುತ್ತಾರೆ. ಕುಂಜಾಲು ರಾಮಕೃಷ್ಣ, ವಿಟ್ಲ ಗೋಪಾಲಕೃಷ್ಣ ಜೋಶಿ, ಪೆರುವೋಡಿ ನಾರಾಯಣ ಭಟ್ಟ, ಮಿಜಾರು ಅಣ್ಣಪ್ಪ, ಬಂಟ್ವಾಳ ಜಯರಾಮ ಆಚಾರ್ಯ ಮೊದಲಾದವರು ಬಡಗು, ತೆಂಕು ತಿಟ್ಟುಗಳಲ್ಲಿ ಹಾಸ್ಯಕ್ಕೆ ಘನತೆಯನ್ನು ತಂದುಕೊಟ್ಟವರು. 'ಕಂಸವಧೆ'ಯ ರಜಕ, 'ಭೀಷ್ಮವಿಜಯ'ದ ವೃದ್ಧ ವಿಪ್ರ, 'ಚಂದ್ರಾವಳಿ ವಿಲಾಸ'ದ ಚಂದಗೋಪ ಮುಂತಾದ ಪಾತ್ರಗಳು ಪ್ರಸಂಗದ ಪುಸ್ತಕದಲ್ಲಿ ಕೆಲವೇ ಪದ್ಯಗಳಷ್ಟು ಚಿಕ್ಕವು. ರಂಗದ ಮೇಲೆ ಅವು ಪಡೆಯುವ ವಿಸ್ತಾರವೆಲ್ಲ ಹಾಸ್ಯಗಾರನೂ ಹಿಮ್ಮೇಳವೂ ಕೂಡಿ ಮಾಡಿದ ಸೃಷ್ಟಿ.

3. ದೂತಿ ಮತ್ತು ಕಳ್ಳ

ಘಟ್ಟದ ಮೇಲಿನ ಪರಂಪರೆಯಲ್ಲಿಯೂ ಇದೇ ಬಗೆಯ ರಚನೆ ಕಂಡುಬರುತ್ತದೆ. ಶ್ರೀಕೃಷ್ಣ ಪಾರಿಜಾತದಲ್ಲಿ ಹಾರ್ಮೋನಿಯಂ, ತಬಲ, ತಾಳಗಳ ಹಿಮ್ಮೇಳವಿದ್ದು, ಭಾಗವತನಿಗೂ ದೂತಿಗೂ ನಡೆಯುವ ಸಂವಾದ ಆಟದ ಜೀವಾಳವಾಗಿದೆ. ಸತ್ಯಭಾಮೆಯ ಬಿಗುಮಾನ, ಕೃಷ್ಣನ ಚಾತುರ್ಯ ಇವೆರಡನ್ನೂ ದೂತಿಯು ಆಡುಮಾತಿನ ಒರೆಗೆ ಹಚ್ಚುತ್ತಾಳೆ. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರಿಂದ ಮನೆಮಾತಾದ ಈ ಆಟದಲ್ಲಿ ಗಂಭೀರವಾದ ಹಾಡು ಮುಗಿದೊಡನೆ ದೂತಿಯ ಮಾತು ಬಂದು ಅದರ ಭಾರವನ್ನು ಇಳಿಸುತ್ತದೆ. ರಾಗದ ಎತ್ತರ, ಮಾತಿನ ನೆಲ ಇವೆರಡರ ನಡುವಣ ಅಂತರದಲ್ಲಿಯೇ ನಗೆಯಿದೆ.

ಕಂಪನಿ ನಾಟಕಗಳಲ್ಲಿ ವಾದ್ಯಗಾರರು ವೇದಿಕೆಯ ಮುಂಭಾಗಕ್ಕೆ ಬಂದರು. ಕಾಲುಪೇಟಿಯ ಮೇಷ್ಟರು ಭಾಗವತನ ಸ್ಥಾನವನ್ನು ಪಡೆದರು. ಗುಬ್ಬಿ ವೀರಣ್ಣನವರು (1891–1972) ಕಂಪನಿಯ ಒಡೆಯರಾಗಿದ್ದರೂ ಪ್ರೇಕ್ಷಕರು ಅವರನ್ನು ಮೆಚ್ಚಿಕೊಂಡದ್ದು ಮುಖ್ಯವಾಗಿ ಹಾಸ್ಯಪಾತ್ರಗಳಲ್ಲಿ. 'ಸದಾರಮೆ'ಯ ಕಳ್ಳ ಅವರ ಹೆಸರಿನೊಡನೆ ಅಂಟಿಕೊಂಡ ಪಾತ್ರ. 1935ರ ಚಲನಚಿತ್ರದಲ್ಲಿಯೂ ಅದನ್ನು ಅವರೇ ನಿರ್ವಹಿಸಿದರು. ಹಾಡಬಲ್ಲ ಕಳ್ಳನೆಂಬ ಕಲ್ಪನೆಯೇ ವಿನೋದಕರ. ಕಳ್ಳತನಕ್ಕೆ ಮೌನ ಬೇಕು, ಹಾಡಿಗೆ ದನಿ ಬೇಕು. ಈ ವಿರೋಧವನ್ನು ರಂಗದ ಮೇಲೆ ಸಾಧ್ಯಗೊಳಿಸುವುದು ವಾದ್ಯವೃಂದ. ಬಾಲ್ಯದಲ್ಲಿ ಇದೇ ಗುಬ್ಬಿ ಕಂಪನಿಯನ್ನು ಸೇರಿದ ಬಿ.ವಿ. ಕಾರಂತರು ಮುಂದೆ ಆಧುನಿಕ ರಂಗಭೂಮಿಗೆ ಬಂದಾಗ ಹಿಮ್ಮೇಳವನ್ನು ಒಂದು ಪಾತ್ರದಂತೆ ದುಡಿಸಿಕೊಂಡದ್ದು ಆಕಸ್ಮಿಕವಲ್ಲ. 1972ರಲ್ಲಿ ಅವರು ರಂಗಕ್ಕೆ ತಂದ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಸೂತ್ರಧಾರ ಮತ್ತು ಹಿಮ್ಮೇಳಗಳು ಕಥೆಯ ಒಳಗೂ ಹೊರಗೂ ಓಡಾಡುತ್ತವೆ.

4. ವೃಂದ ಬೆಳೆದಾಗ

ಹಿಮ್ಮೇಳವನ್ನು ಹಿಗ್ಗಿಸಿದರೆ ಹಾಸ್ಯದ ಗತಿಯೇನು ಎಂಬ ಪ್ರಶ್ನೆಗೆ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳು ಮುಖ್ಯವಾದ ನಿದರ್ಶನ. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ಕಾರಂತರು, ಶಾಸ್ತ್ರವನ್ನು ಬರೆದಂತೆ ಪ್ರಯೋಗವನ್ನೂ ಮಾಡಿದರು. ಅವರು ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೊಫೋನುಗಳನ್ನು ಸೇರಿಸಿದರು, ಮಾತನ್ನು ಕೈಬಿಟ್ಟು ಕುಣಿತ, ಗಾನ, ಅಭಿನಯಗಳಿಗೆ ಪ್ರಾಧಾನ್ಯ ಕೊಟ್ಟರು. ಕನ್ನಡ ಬಾರದ ಪ್ರೇಕ್ಷಕರ ಮುಂದೆ ಯಕ್ಷಗಾನವನ್ನು ಒಯ್ಯಲು ಇದು ಸಮರ್ಥವಾದ ಮಾರ್ಗವಾಯಿತು. ನಾದದ ಸಾತತ್ಯದಿಂದ ಭಾವ ದಟ್ಟವಾಯಿತು. ವೇಷಭೂಷಣ, ನೃತ್ಯಗಳ ಸೌಂದರ್ಯ ಎದ್ದು ಕಂಡಿತು.

ಆದರೆ ಈ ಪರಿಷ್ಕಾರದಲ್ಲಿ ಹೆಚ್ಚು ಕಳೆದುಕೊಂಡವನು ಹಾಸ್ಯಗಾರ. ರಾಜನ ಗತ್ತು, ರಾಕ್ಷಸನ ಅಬ್ಬರ, ಸ್ತ್ರೀವೇಷದ ಲಾಲಿತ್ಯಗಳು ಮಾತಿಲ್ಲದೆಯೂ ನಿಲ್ಲಬಲ್ಲವು. ಹಾಸ್ಯಗಾರನಿಗೆ ಭಾಗವತನ ಮರುಮಾತು ಬೇಕು. ಅದಿಲ್ಲದಿರುವಾಗ ಅವನಿಗೆ ಉಳಿಯುವುದು ಅಂಗಚೇಷ್ಟೆ ಮಾತ್ರ. ವೃಂದವು ದೊಡ್ಡದಾಯಿತು, ಆದರೆ ಅದರ ಬಾಯಿ ಕಟ್ಟಿತು. ಇದು ಕಾರಂತರ ಸಾಧನೆಯ ಮಹತ್ವವನ್ನು ಕುಗ್ಗಿಸುವ ಮಾತಲ್ಲ. ಅವರು ಹೊರಟದ್ದು ಬೇರೆ ಗುರಿಯತ್ತ. ಹೊಫ್ನುಂಗನ ಉತ್ಸವದ ಎದುರಿಗೆ ಇದನ್ನಿಟ್ಟು ನೋಡಿದರೆ ಒಂದು ತಥ್ಯ ಹೊಳೆಯುತ್ತದೆ. ನೂರು ವಾದಕರ ನಡುವೆಯೂ ಹಾಸ್ಯ ಬದುಕಬಲ್ಲದು, ನಾಲ್ವರ ನಡುವೆಯೂ ಸಾಯಬಲ್ಲದು. ವಾದ್ಯಗಳ ಸಂಖ್ಯೆಗಿಂತ, ನಗೆಗಾರನಿಗೂ ವೃಂದಕ್ಕೂ ನಡುವಣ ಕೊಡುಕೊಳೆಗೆ ಒಂದು ಮಾರ್ಗವಿದೆಯೇ ಎಂಬುದು ನಿರ್ಣಾಯಕ. ಸಿಂಫನಿಯಲ್ಲಿ ಆ ಮಾರ್ಗ ಸ್ವರಲಿಪಿ. ಬಯಲಾಟದಲ್ಲಿ ಅದು ಭಾಗವತನ ಮಾತು. ಮಾತನ್ನು ತೆಗೆದು, ಅದರ ಸ್ಥಾನದಲ್ಲಿ ಹಾಸ್ಯಕ್ಕೆಂದೇ ನಾದವಿನ್ಯಾಸವನ್ನು ರಚಿಸದಿದ್ದರೆ ನಗೆಗೆ ನೆಲೆಯಿರುವುದಿಲ್ಲ.

ಇಂದು ಜಾತ್ರೆ, ಉತ್ಸವಗಳಲ್ಲಿ ಜನಪ್ರಿಯವಾಗಿರುವ 'ರಸಮಂಜರಿ' ಎಂಬ ಆರ್ಕೆಸ್ಟ್ರಾ ಕಾರ್ಯಕ್ರಮಗಳನ್ನೂ ಇದೇ ಮಾನದಿಂದ ಅಳೆಯಬಹುದು. ಕೀಬೋರ್ಡ್, ಡ್ರಮ್ಸ್, ಗಿಟಾರುಗಳ ವೃಂದ ಚಿತ್ರಗೀತೆಗಳನ್ನು ನುಡಿಸುತ್ತದೆ. ಎರಡು ಹಾಡುಗಳ ನಡುವೆ ಹಾಸ್ಯ ಕಲಾವಿದನು ಬಂದು ಮಿಮಿಕ್ರಿ ಮಾಡುತ್ತಾನೆ. ಅವನು ಮಾತನಾಡುವಾಗ ವಾದಕರು ವಿಶ್ರಮಿಸುತ್ತಾರೆ. ಹೆಚ್ಚೆಂದರೆ ನಗೆಯ ಕೊನೆಗೆ ಡ್ರಮ್ಮಿನ ಒಂದು ಪೆಟ್ಟು ಬೀಳುತ್ತದೆ. ಸಂಗೀತವೂ ಹಾಸ್ಯವೂ ಒಂದೇ ವೇದಿಕೆಯಲ್ಲಿದ್ದು ಒಂದಾಗದಿರುವ ಸ್ಥಿತಿಯಿದು. ಕಲಾವಿದರಲ್ಲಿ ಪ್ರತಿಭೆಯ ಕೊರತೆಯಿಲ್ಲ, ಅವರನ್ನು ಬೆಸೆಯುವ ಭಾಗವತನಿಲ್ಲ.

5. ನಗೆಯ ಹೊಣೆ

ಹಿಮ್ಮೇಳದ ಹಾಸ್ಯವನ್ನು ಮೆಚ್ಚುವಾಗ ಅದರ ದೋಷಗಳನ್ನು ಮರೆಯುವಂತಿಲ್ಲ. ರಜಕ, ಕೊರವಂಜಿ, ಬಡ ಬ್ರಾಹ್ಮಣ ಮೊದಲಾದ ಪಾತ್ರಗಳಲ್ಲಿ ಜಾತಿಯ ಕುರಿತಾದ ಕುಹಕ, ತೊದಲುವವರ ಮತ್ತು ಅಂಗವಿಕಲರ ಅಣಕ, ನೆರೆಯ ಸೀಮೆಯ ನುಡಿಯ ಗೇಲಿ ಸುಲಭವಾಗಿ ನುಸುಳುತ್ತವೆ. ಬರೆಯದ ನಗೆಗೆ ಕಡಿವಾಣವೂ ಬರೆದಿರುವುದಿಲ್ಲ. ಇಲ್ಲಿ ಭಾಗವತನ ಸ್ಥಾನದ ಇನ್ನೊಂದು ಮಗ್ಗುಲು ಗೋಚರವಾಗುತ್ತದೆ. ಮಾತು ಹದ್ದು ಮೀರಿದಾಗ ಅವನು ಪದ್ಯವನ್ನು ಎತ್ತಿಕೊಂಡು ಹಾಸ್ಯಗಾರನನ್ನು ಕುಣಿತಕ್ಕೆ ಎಳೆಯಬಲ್ಲನು. ಹಿಮ್ಮೇಳದ ಈ ಹಿಡಿತ ಸಡಿಲಿದಷ್ಟೂ ಹಾಸ್ಯಗಾರನು ಲಯದ ಚಮತ್ಕಾರವನ್ನು ಬಿಟ್ಟು ಬರಿಯ ಮಾತಿಗೆ, ಮಾತಿನಲ್ಲಿಯೂ ಅಗ್ಗದ ಮಾತಿಗೆ, ಜಾರುವ ಅಪಾಯವಿದೆ.

ಕೋಗಿಲಬನ, ದಾಂಡೇಲಿಗಳಂತಹ ಊರುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಿಂದಾಗಿ ದಾಂಡೇಲಿಗೆ ಹಲವು ಕಡೆಗಳಿಂದ ದುಡಿಯುವ ಜನ ಬಂದರು. ಕನ್ನಡ, ಕೊಂಕಣಿ, ಮರಾಠಿ, ಉರ್ದು ಮನೆಮಾತಿನವರು ಇಲ್ಲಿ ಒಂದೇ ಸಭೆಯಲ್ಲಿ ಕೂರುತ್ತಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. ಅವರ ಸಾಂಪ್ರದಾಯಿಕ ಗೀತನಾಟಕವಾದ ಲ್ಹಮೋ ಕೂಡ ಒಂದು ಡೋಲು, ಒಂದು ಜೋಡಿ ತಾಳಗಳ ಮೇಲೆಯೇ ನಡೆಯುವ ಕಲೆ. ಇಂತಹ ಬಹುಭಾಷಿಕ ಪರಿಸರದಲ್ಲಿ ಒಂದು ನುಡಿಯನ್ನು ಗೇಲಿ ಮಾಡುವ ಹಾಸ್ಯ ಸಭೆಯ ಅರ್ಧ ಭಾಗವನ್ನು ನೋಯಿಸಿ ಉಳಿದ ಅರ್ಧವನ್ನು ನಗಿಸುತ್ತದೆ. ತಪ್ಪಿದ ಹೆಜ್ಜೆ, ಕಾಯಿಸಿ ಬಿದ್ದ ಮದ್ದೳೆಯ ಪೆಟ್ಟು ಎಲ್ಲರಿಗೂ ಒಂದೇ ಬಾರಿಗೆ ತಲಪುತ್ತವೆ. ನಾದದ ಹಾಸ್ಯ ಈ ಪ್ರದೇಶಕ್ಕೆ ಸಹಬಾಳ್ವೆಯ ಒಂದು ಸಾಧನವೂ ಆಗಬಲ್ಲದು.

6. ದಾಖಲೀಕರಣದ ಪ್ರಶ್ನೆ

ಆರ್ನಾಲ್ಡನ ಕೃತಿಯನ್ನು 53 ವರ್ಷಗಳ ಬಳಿಕ ಮತ್ತೆ ನುಡಿಸಲು ಸಾಧ್ಯವಾದದ್ದು ಅದು ಬರಹದಲ್ಲಿದ್ದುದರಿಂದ. ಯಕ್ಷಗಾನ ಪ್ರಸಂಗಗಳ ಪದ್ಯಭಾಗ ಮುದ್ರಣಗೊಂಡಿದೆ, ಡಿಜಿಟಲ್ ರೂಪಕ್ಕೂ ಬಂದಿದೆ. ಪದ್ಯಗಳ ನಡುವೆ ಬೆಳೆದ ಹಾಸ್ಯ ಮಾತ್ರ ಪುಸ್ತಕದ ಹೊರಗೆ ಉಳಿದಿದೆ. ಹಾಸ್ಯಗಾರನು ಅಳಿದಾಗ ಅವನ ರಜಕ, ಅವನ ವೃದ್ಧ ವಿಪ್ರ ಅವನೊಡನೆಯೇ ಹೋಗುತ್ತಾರೆ. ನಗೆಮಾತುಗಳ ಸಂಗ್ರಹವನ್ನು ಅಚ್ಚು ಹಾಕಿಸಿದರೂ ಈ ನಷ್ಟ ತುಂಬುವುದಿಲ್ಲ. ಮಾತಿಗೆ ಮುಂಚಿನ ಮೌನ, ಭಾಗವತನ ಹುಸಿಮುನಿಸು, ಮದ್ದಲೆಯ ಮರುಪೆಟ್ಟುಗಳಿಲ್ಲದ ಹಾಸ್ಯ ಉಪ್ಪಿಲ್ಲದ ಅಡುಗೆಯಂತೆ.

ಕಲಿಕೆಯ ದಾರಿಯೂ ಕಿರಿದಾಗುತ್ತಿದೆ. ಹಿಂದೆ ಪೂರ್ವರಂಗದ ಕೋಡಂಗಿ ವೇಷಗಳು ಎಳೆಯ ಹುಡುಗರಿಗೆ ರಂಗದ ಮೊದಲ ಪಾಠಶಾಲೆಯಾಗಿದ್ದವು. ತಾಳಕ್ಕೆ ಹೆಜ್ಜೆ ಹಾಕುವುದನ್ನೂ ಹಿಮ್ಮೇಳಕ್ಕೆ ಕಿವಿಗೊಡುವುದನ್ನೂ ಹುಡುಗನು ಅಲ್ಲಿ ಕಲಿಯುತ್ತಿದ್ದನು. ಈಚಿನ ವರ್ಷಗಳಲ್ಲಿ ಅನೇಕ ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಹೊರಳಿದ ಮೇಲೆ ಪೂರ್ವರಂಗ ಮೊಟಕಾಗಿದೆ. ಇರುಳಿಡೀ ನಡೆಯುವ ಆಟದಲ್ಲಿ ಹಾಸ್ಯಕ್ಕೆ ದೊರೆಯುತ್ತಿದ್ದ ವಿರಾಮದ ಅವಕಾಶ ಕೆಲವು ತಾಸುಗಳ ಆಟದಲ್ಲಿ ದೊರೆಯುವುದಿಲ್ಲ. ಪ್ರೇಕ್ಷಕರ ಜೀವನಕ್ರಮ ಬದಲಾಗಿರುವಾಗ ಕಾಲಮಿತಿಯನ್ನು ದೂಷಿಸಿ ಫಲವಿಲ್ಲ. ಅದರೊಳಗೆ ಹಾಸ್ಯಗಾರನಿಗೂ ಹಿಮ್ಮೇಳಕ್ಕೂ ಎಷ್ಟು ಅವಕಾಶವಿರಬೇಕು ಎಂಬುದನ್ನು ಮೇಳದ ಯಜಮಾನರೂ ಭಾಗವತರೂ ಕೂಡಿ ನಿರ್ಧರಿಸಬೇಕಾಗಿದೆ.

ಈ ದಿಸೆಯಲ್ಲಿ ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಹಿರಿಯ ಹಾಸ್ಯಗಾರರನ್ನು ಅವರಿಗೆ ಒಗ್ಗಿದ ಭಾಗವತ, ಮದ್ದಲೆಗಾರರೊಡನೆಯೇ, ಪ್ರೇಕ್ಷಕರ ಸಮ್ಮುಖದಲ್ಲಿಯೇ ಚಿತ್ರೀಕರಿಸಬೇಕು. ಒಂದೇ ಪಾತ್ರವನ್ನು ಬೇರೆಬೇರೆ ಊರುಗಳಲ್ಲಿ ದಾಖಲಿಸಿದರೆ ಯಾವುದು ಸ್ಥಿರ, ಯಾವುದು ಆಶು ಎಂಬುದು ತಿಳಿಯುತ್ತದೆ. ಮಾತು, ಹೆಜ್ಜೆ, ಪೆಟ್ಟು ಇವನ್ನು ಒಂದರ ಕೆಳಗೊಂದು ಬರೆದು ತೋರಿಸುವ ಲಿಪಿಕ್ರಮವೊಂದನ್ನು ರೂಪಿಸಬೇಕು. ದೂತಿಯ ಸಂವಾದಗಳಿಗೂ ಇದೇ ಕ್ರಮ ಅನ್ವಯವಾಗಬೇಕು. ಇದರಿಂದ ಬರೆಯದ ನಗೆ ಬರೆದ ನಗೆಯಾಗಿ ಹೆಪ್ಪುಗಟ್ಟುವುದೆಂಬ ಆಕ್ಷೇಪ ಬರಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ದಾಖಲೆಯ ಉದ್ದೇಶ ಮುಂದಿನವರು ಅದನ್ನೇ ಉರುಹೊಡೆಯಲಿ ಎಂಬುದಾಗಿರಬೇಕಿಲ್ಲ. ಹಿಂದಿನವರು ಹಿಮ್ಮೇಳದೊಡನೆ ಹೇಗೆ ಮಾತನಾಡಿದರು ಎಂಬುದನ್ನು ಕೇಳಿಸಿಕೊಂಡ ಹುಡುಗನು ತನ್ನ ಕಾಲದ ಭಾಗವತನೊಡನೆ ತನ್ನದೇ ಮಾತನ್ನು ಆರಂಭಿಸಬಲ್ಲನು. ಹಾಗೆ ಕೇಳಿಸಿಕೊಳ್ಳಲು ಏನಾದರೂ ಉಳಿದಿರಬೇಕಾದರೆ ಈ ಕೆಲಸ ಹಿರಿಯ ಕಲಾವಿದರು ನಮ್ಮ ನಡುವೆ ಇರುವಾಗಲೇ ಆಗಬೇಕು.